ಯುರೋಪಿಗೆ ಆರು ಮಂದಿ: ಟೂರ್ ಕಂಪನಿ ಜೋಡಿ ಹೋಗೂದೋ, ನಾವ ಪ್ಲ್ಯಾನ್ ಮಾಡೂದೋ?

ಕೇಶ್ವಾಪುರ_ಕ್ರಾಸ್:
ಹುಬ್ಬಳ್ಳಿ-ಧಾರವಾಡ ಮಂದಿಗೆ ಒಂದು ಪ್ರಶ್ನೆ. ಬರೂ ಮೇ ತಿಂಗಳದಾಗ ಯುರೋಪಿಗೆ ಹೋಗೂದು ಅಂತ ಮನ್ಯಾಗ ಮಾತು ನಡದದ. ಆರು ಮಂದಿ: ನಾವಿಬ್ಬರು, 14 ಮತ್ತು 9 ವರ್ಷದ ಮಕ್ಕಳು, 68ರ ಅಪ್ಪ, 63ರ ಅವ್ವ. ಅವ್ವಗ ಮೊಣಕಾಲು ನೋವು. ಊಟ ಎಲ್ಲಾರದೂ ಶುದ್ಧ ಶಾಕಾಹಾರಿ. ಕಂಪನಿಯವರ ಪಟ್ಟಿಯೊಳಗ 10 ದಿನಕ್ಕ ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್, ಇಟಲಿ ಎಲ್ಲಾ ಅದಾವ. ತಮ್ಮ ಅಂತಾನ, "ಸುಮ್ನ ರೊಕ್ಕ ಕಳೀಬ್ಯಾಡ್ರಿ, ಎಲ್ಲಾ ಫೋನಿನ್ಯಾಗ ಬುಕ್ ಆಗತದ." ಅಪ್ಪ ಅಂತಾರ, "ಗೊತ್ತಿದ್ದವರು ಜೋಡಿ ಇಲ್ಲದ ನಾ ಬರೂದಿಲ್ಲ." ಎರಡರ ರೇಟು ಸರಿಯಾಗಿ ಹೋಲಿಸೂದು ಹೆಂಗ? ತಿಳಿದವರು ಹೇಳ್ರಿ.

ಉಣಕಲ್_ಕೆರಿ:
ಅಪ್ಪಾವ್ರ ಮಾತು ಕೇಳ್ರಿ. ಮುಗೀತು.

ಸಾಧನಕೇರಿ_ಸಂಜಿ:
ಹೆಂಗ ಮುಗೀತದರಿ? ಅವ್ವಾರಿಗೆ ಮೊಣಕಾಲು ನೋವು ಅಂತ ಬರದಾರ, ಅದನ್ನ ಓದ್ರಿ ಮೊದಲ. ವಯಸ್ಸಾದವರಿಗೆ ಗ್ರೂಪ್ ಟೂರ್ ಸುಲಭ ಅನ್ನೂದು ಅರ್ಧ ಖರೆ. 10 ದಿನಕ್ಕ ಐದು ದೇಶ ಅಂದ್ರ ಎರಡು ದಿನಕ್ಕೊಮ್ಮೆ ಹೋಟೆಲ್ ಬದಲು. ಮುಂಜಾನೆ ಏಳೂವರಿಗೆ ಸೂಟ್‌ಕೇಸ್ ಕಟ್ಟಿಕೊಂಡು ಕೆಳಗ ಲಾಬಿಯೊಳಗ ನಿಂತಿರಬೇಕು. ಸಾಮಾನು ನಾವ ಎಳೀಬೇಕು, ಹಮಾಲಿ ಖರ್ಚು ಪ್ಯಾಕೇಜಿನ್ಯಾಗ ಇರೂದು ಅಪರೂಪ.

ಬಸ್ಸು ಊರ ನಡುವ ಒಯ್ದು ನಿಲ್ಲಸಂಗಿಲ್ಲ. ವೆನಿಸ್ ಒಳಗಂತೂ ಗಾಡಿನ ಹೋಗೂದಿಲ್ಲ, ಬೋಟ್ ಇಳದ ಮ್ಯಾಲ ಕಲ್ಲಿನ ಸೇತುವೆ ಹತ್ತೂದು ಇಳಿಯೂದು. ಫ್ಲಾರೆನ್ಸ್‌ನ್ಯಾಗೂ ಹಳೇ ಊರಿನ ಹೊರಗ ಇಳಿಸಿ ನಡಸ್ತಾರ.

"ಐದು ನಿಮಿಷ ನಿಲ್ಲಸ್ರಿ" ಅಂದ್ರ ಡ್ರೈವರ್ ನಿಲ್ಲಸೂದಿಲ್ಲ, ಅಂವಾ ಒರಟ ಅಂತ ಅಲ್ಲ. ಅಲ್ಲಿ ಕಾನೂನು ಹಂಗದ. ದಿನಕ್ಕ 9 ತಾಸು ಓಡಿಸಬಹುದು, ವಾರಕ್ಕ ಎರಡು ಸಲ ಮಾತ್ರ 10. ನಾಲ್ಕೂವರಿ ತಾಸು ಓಡಿಸಿದ ಮ್ಯಾಲ 45 ನಿಮಿಷ ವಿರಾಮ ಕಡ್ಡಾಯ. ಗಾಡಿಯೊಳಗ ಟ್ಯಾಕೋಗ್ರಾಫ್ ಅಂತ ಯಂತ್ರ ಇರತದ, ಎಲ್ಲಾ ಅದರಾಗ ದಾಖಲ. ಹಿಂಗಾಗಿ ಒಂದು ಕಡೆ ಅರ್ಧ ತಾಸು ತಡಾ ಆತಂದ್ರ ಮುಂದಿನ ಒಂದು ಜಾಗಾ ಕತ್ತರಿ ಬೀಳತದ.

ಬ್ಯಾಡಗಿ_ಖಾರ:
ಸಾಧನಕೇರಿಯವರು ಹೇಳಿದ್ದು ಖರೆ ಐತಿ, ಆದ್ರ ತಕ್ಕಡಿ ಒಂದ ಕಡಿ ಬಾಗೇತಿ. ಫ್ರಾನ್ಸ್, ಇಟಲಿಯೊಳಗ ರೈಲು ಮುಷ್ಕರ ಅನ್ನೂದು ಆಗಾಗ ಇದ್ದದ್ದ. ಅವತ್ತ ಸ್ವಂತ ಟಿಕೆಟ್ ಇದ್ದವರು ಪ್ಲಾಟ್‌ಫಾರ್ಮ್‌ನ್ಯಾಗ ಕುಂದರಬೇಕು, ಕಂಪನಿ ಬಸ್ಸಿನವರು ಹೋಗತಿರತಾರ. ಪಾಸ್‌ಪೋರ್ಟ್ ಕಳೀತು ಅನ್ರಿ: ಪೊಲೀಸ್ ದೂರು, ನಮ್ಮ ರಾಯಭಾರ ಕಚೇರಿ, ಎಮರ್ಜೆನ್ಸಿ ಸರ್ಟಿಫಿಕೇಟ್, ವಿಮಾನದ ತಾರೀಖು ಬದಲು, ಇಷ್ಟೂ ತಿಳಿದ ಮನಷ್ಯಾ ಜೋಡಿ ಇದ್ರ ಅರ್ಧ ತ್ರಾಸ ಕಡಿಮಿ. ದಿನಾ ರಾತ್ರಿ ಅನ್ನ-ಸಾರು ಸಿಗೂದಂತೂ ಅಪ್ಪ-ಅವ್ವಗ ದೊಡ್ಡ ವಿಷಯ.

ಸಾಧನಕೇರಿ_ಸಂಜಿ:
ಪಾಸ್‌ಪೋರ್ಟ್ ಕಳಕೊಂಡವರ ಸಲುವಾಗಿ ಟೂರ್ ಮ್ಯಾನೇಜರ್ ಹಿಂದ ಉಳಿಯೂದಿಲ್ಲರಿ. ಅವರು ಉಳಿದ 39 ಮಂದಿ ಜೋಡಿ ಮುಂದಿನ ಊರಿಗೆ ಹೋಗಬೇಕು. ನಿಮಗ ಸಿಗೂದು ಫೋನು, ಇಲ್ಲಾ ಅಲ್ಲಿನ ಏಜೆಂಟ್.

ಬ್ಯಾಡಗಿ_ಖಾರ:
ಫೋನಾದ್ರೂ ಐತೆಲ್ಲ. ಸ್ವಂತ ಹೋದವರಿಗೆ ಅದೂ ಇಲ್ಲ.

ಕೊಪ್ಪಿಕರ್_ರೋಡ್:
ಜಗಳ ಆಮ್ಯಾಲ ಮಾಡ್ರಿ, ಅವರು ಕೇಳಿದ್ದು ರೇಟು ಹೋಲಿಸೂದು ಹೆಂಗ ಅಂತ. ಜಾಹೀರಾತಿನ ಅಂಕಿ ಮ್ಯಾಲ ಹೋಗಬ್ಯಾಡ್ರಿ. ಕಾಗದ ತಗೊಂಡು ಕಂಪನಿ ರೇಟಿನ ಕೆಳಗ ಇವನ್ನ ಕೂಡಸ್ರಿ.

ಮೊದಲನೇದು ವಿಮಾನ. ರೇಟು ಬಹುತೇಕ ಮುಂಬೈ ಇಲ್ಲಾ ಬೆಂಗಳೂರಿನಿಂದ ಇರತದ. ಹುಬ್ಬಳ್ಳಿಯಿಂದ ಅಲ್ಲೀತನಕ ಹೋಗಿ ಬರೂ ಖರ್ಚು, ಬೇಕಾದ್ರ ಒಂದು ರಾತ್ರಿ ಹೋಟೆಲ್, ನಿಮ್ಮದು. ಆಮ್ಯಾಲ ಜಿಎಸ್‌ಟಿ 5%, ಅದರ ಮ್ಯಾಲ ಟಿಸಿಎಸ್. ವೀಸಾ ಶುಲ್ಕ ಒಳಗ ಅದನೋ ಹೊರಗ ಅದನೋ ಕೇಳ್ರಿ. ಡ್ರೈವರ್-ಗೈಡ್ ಟಿಪ್ಸ್ ಅಂತ ದಿನಕ್ಕ, ತಲಿಗೆ ಇಷ್ಟು ಯುರೋ ಅಂತ ಹಿಡೀತಾರ, ಆರು ಮಂದಿಗೆ 10 ದಿನಕ್ಕ ಅದ ಒಂದು ದೊಡ್ಡ ಮೊತ್ತ ಆಗತದ. ಮಧ್ಯಾಹ್ನದ ಊಟ ಒಳಗ ಇಲ್ಲ ಅಂದ್ರ ಅದೂ ಸೇರಸ್ರಿ. "ಆಪ್ಷನಲ್" ಅಂತ ಬರದ ಜಾಗಾ ಯಾವಾವ ನೋಡ್ರಿ, ಸೀನ್ ನದಿ ಬೋಟ್, ಯುಂಗ್‌ಫ್ರಾವ್ (ಸ್ವಿಸ್ ಹಿಮ ಶಿಖರ) ಇಂಥಾವು ಅಲ್ಲೇ ಹೊಕ್ಕೊಂಡಿರತಾವ.

ಇನ್ನೊಂದು ಹಿಡಿತ ರೂಮಿನ್ಯಾಗ ಅದ. ರೇಟು ಇಬ್ಬರಿಗೆ ಒಂದು ರೂಮ್ ಲೆಕ್ಕದಾಗ ಇರತದ. ಮಕ್ಕಳಿಗೆ "ಹಾಸಿಗಿ ಸಮೇತ" ಮತ್ತ "ಹಾಸಿಗಿ ಇಲ್ಲದ" ಅಂತ ಎರಡು ರೇಟು. ಮೂರನೇ ಹಾಸಿಗಿ ಅಂದ್ರ ಬಹಳ ಕಡೆ ಮಡಚೂ ಮಂಚ, 14 ವರ್ಷದ ಹುಡುಗರಿಗೆ ಕಾಲು ಚಾಚಾಕ ಆಗೂದಿಲ್ಲ.

ಕೇಶ್ವಾಪುರ_ಕ್ರಾಸ್:
ಕೊಪ್ಪಿಕರ್ ಸರ್, ಟಿಸಿಎಸ್ ಅಂದ್ರ ಅದು ಹೋದ ರೊಕ್ಕ ಅಲ್ಲೇನ್ರಿ? ಸ್ವಂತ ಹೋದ್ರ ಅದು ಉಳೀತದಂತ ತಮ್ಮ ಹೇಳ್ಯಾನ.

ಗದಗ_ಬೆಟಗೇರಿ_ಲೆಕ್ಕ:
ಅಲ್ಲ. ಟಿಸಿಎಸ್ ಮುಂಗಡವಾಗಿ ಹಿಡಿದ ತೆರಿಗೆ ಅಷ್ಟೆ, ನಿಮ್ಮ ಪ್ಯಾನ್ ಖಾತೆಗೆ ಜಮಾ ಆಗಿರುತ್ತದೆ. ಆದಾಯ ತೆರಿಗೆ ಜಾಲತಾಣದ ನಿಮ್ಮ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣುತ್ತದೆ. ರಿಟರ್ನ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ತೆರಿಗೆಯೇ ಇಲ್ಲದಿದ್ದರೆ ಮರುಪಾವತಿ ಬರುತ್ತದೆ. ಜಿಎಸ್‌ಟಿ ಮಾತ್ರ ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ.

ದರ ಬಜೆಟ್‌ಗಳಲ್ಲಿ ಬದಲಾಗುತ್ತಲೇ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ 7 ಲಕ್ಷದವರೆಗೆ 5%, ಅದರ ಮೇಲೆ 20% ಆಯಿತು. 2025ರ ಏಪ್ರಿಲ್‌ನಿಂದ ಆ 7 ಲಕ್ಷದ ಗೆರೆ 10 ಲಕ್ಷಕ್ಕೆ ಏರಿತು, 2026ರ ಏಪ್ರಿಲ್‌ನಿಂದ ಗೆರೆ ತೆಗೆದು ಎಲ್ಲದಕ್ಕೂ 2% ಆಯಿತು. ಹಣ ಕಟ್ಟುವ ದಿನ ಯಾವ ದರವಿದೆಯೋ ಅದು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಇರಬೇಕು. ಒಂದು ಎಚ್ಚರಿಕೆ: ಆರೂ ಮಂದಿಯ ಬಿಲ್ ಅಪ್ಪನವರ ಪ್ಯಾನ್ ಮೇಲೆ ಮಾಡಿಸಿ ಅವರು ರಿಟರ್ನ್ ಸಲ್ಲಿಸದೇ ಇದ್ದರೆ ಆ ಹಣ ಅಲ್ಲೇ ಕೂರುತ್ತದೆ. ರಿಟರ್ನ್ ಸಲ್ಲಿಸುವವರ ಪ್ಯಾನ್ ಕೊಡಿ.

ಉಣಕಲ್_ಕೆರಿ:
ಇದು ಕೆಲಸದ ಮಾತು. ಬಹಳ ಮಂದಿ ಇದನ್ನ ಕೇಳೂದ ಇಲ್ಲ.

ಲಕ್ಕುಂಡಿ_ಕಲ್ಲು:
ರೇಟು, ಊಟ ಎಲ್ಲಾ ಬಿಡ್ರಿ, ಷೆಂಗನ್ ವೀಸಾ (ಯುರೋಪಿನ ಬಹಳ ದೇಶಕ್ಕ ನಡಿಯೂ ಒಂದ ವೀಸಾ) ಸಿಗದಿದ್ರ ಎರಡೂ ಪ್ಲ್ಯಾನ್ ನೆಲಕ್ಕ ಬೀಳತಾವ. ಮೇ ತಿಂಗಳ ಪ್ರಯಾಣಕ್ಕ ಅಪಾಯಿಂಟ್‌ಮೆಂಟ್ ಲಗೂನ ಹಿಡೀಬೇಕು. ಪ್ರಯಾಣಕ್ಕ ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು, ಕಡೀ ಗಡುವು 15 ದಿನ. ಆ ಕಡೀ ಗಡುವು ನಂಬಿ ಕುಂತ್ರ ಮೇ ಹೋಗಿ ಜೂನ್ ಆಗತದ.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯುರೋ, 6 ತುಂಬಿ 12 ತುಂಬದ ಮಕ್ಕಳಿಗೆ 45. ನಿಮ್ಮ 14ರ ಮಗುಗೂ ಪೂರ್ತಿ 90 ಬೀಳತದ. ಅಂದ್ರ ಐದು 90, ಒಂದು 45, ಒಟ್ಟು 495 ಯುರೋ, ಮ್ಯಾಲ ವೀಸಾ ಕೇಂದ್ರದ ಸೇವಾ ಶುಲ್ಕ. ವೀಸಾ ಸಿಗಲಿಲ್ಲ ಅಂದ್ರೂ ವಾಪಸ್ ಇಲ್ಲ. ಬೆರಳಚ್ಚು ಕೊಡಾಕ ಐದೂ ಮಂದಿ ಬೆಂಗಳೂರಿಗೆ ಖುದ್ದು ಹೋಗಬೇಕು, 12ರ ಒಳಗಿನ ಮಕ್ಕಳಿಗೆ ಬೆರಳಚ್ಚು ಇಲ್ಲ. ಒಮ್ಮೆ ಕೊಟ್ಟದ್ದು 59 ತಿಂಗಳು ನಡೀತದ.

ಯಾವ ದೇಶಕ್ಕ ಅರ್ಜಿ? ಹೆಚ್ಚು ರಾತ್ರಿ ಉಳಿಯೂ ದೇಶಕ್ಕ. ರಾತ್ರಿ ಸಮ ಆದ್ರ ಮೊದಲು ಕಾಲಿಡೂ ದೇಶಕ್ಕ. ಅಪಾಯಿಂಟ್‌ಮೆಂಟ್ ಖಾಲಿ ಅದ ಅಂತ ಬ್ಯಾರೆ ದೇಶದಿಂದ ವೀಸಾ ತಗೊಂಡು, ಆಮ್ಯಾಲ ಹೋಟೆಲ್ ರದ್ದು ಮಾಡಿ ಮತ್ತೊಂದು ಕಡೆ ಸುತ್ತೂದು ಮಾಡಬ್ಯಾಡ್ರಿ. ಗಡಿಯೊಳಗ ಬುಕಿಂಗ್ ತೋರಸ್ರಿ ಅಂತ ಕೇಳೂ ಹಕ್ಕು ಅವರಿಗದ.

ಹಾವೇರಿ_ಏಲಕ್ಕಿ:
ಕಾಗದಪತ್ರದ ಬಗ್ಗೆ ಒಂದು ಮಾತು ಸೇರಸ್ತೀನ್ರಿ. ನಮ್ಮ ಕಡೆ ಅಪ್ಪಾರ ಆದಾಯ ಬಹಳ ಸಲ ಹೊಲದ್ದು ಇರತೈತಿ, ರಿಟರ್ನ್ ಇರೂದಿಲ್ಲ. ಹಂಗಿದ್ರ ಪಹಣಿ, ಎಪಿಎಂಸಿ ಮಾರಾಟದ ಪಟ್ಟಿ, ಪಿಂಚಣಿ ಇದ್ರ ಅದರ ಪುಸ್ತಕ ಜೋಡಸ್ರಿ. ಮಗ ಖರ್ಚು ಹಾಕ್ತಾನ ಅಂದ್ರ ಮಗನ ಪತ್ರ, ಅವನ ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್, ಕಚೇರಿಯ ರಜಾ ಪತ್ರ. ಕನ್ನಡದ ಕಾಗದಕ್ಕ ಇಂಗ್ಲಿಷ್ ಅನುವಾದ ಬೇಕು. ಅರ್ಜಿ ಹಾಕೂ ವಾರದಾಗ ಖಾತೆಗೆ ನಾಕೈದು ಲಕ್ಷ ಒಮ್ಮೆಲೆ ತುಂಬಿಸೂದು ಎಲ್ಲಾರೂ ಮಾಡೂ ತಪ್ಪು. ನೋಡೂವಂವ ಮೂರು ತಿಂಗಳ ಹಿಂದಿನ ಸಾಲೂ ಓದ್ತಾನ.

ವಿಮೆ ಕನಿಷ್ಠ 30,000 ಯುರೋದ್ದು ಕಡ್ಡಾಯ. ಅದು ವೀಸಾಕ್ಕ ಸಾಕು, 68ರ ಅಪ್ಪಾರಿಗೆ ಸಾಲೂದಿಲ್ಲ. ಬಿಪಿ, ಸಕ್ಕರಿ ಇದ್ರ ಮೊದಲಿನಿಂದ ಇದ್ದ ರೋಗಕ್ಕ ಎಷ್ಟು ಕೊಡ್ತಾರ ಅನ್ನೂದನ್ನ ಪಾಲಿಸಿಯೊಳಗ ಹುಡುಕಿ ಓದ್ರಿ. ಕಂಪನಿ ಪ್ಯಾಕೇಜಿನ ವಿಮೆಯೂ ಬಹಳ ಸಲ ಕನಿಷ್ಠದ್ದ ಇರತೈತಿ.

ಕೇಶ್ವಾಪುರ_ಕ್ರಾಸ್:
ಆರರಾಗ ಒಬ್ಬರಿಗೆ ವೀಸಾ ಸಿಗಲಿಲ್ಲ ಅಂದ್ರ?

ಕೊಪ್ಪಿಕರ್_ರೋಡ್:
ಅದನ್ನ ಕಂಪನಿಯವರಿಗೆ ಬರವಣಿಗಿಯೊಳಗ ಕೇಳ್ರಿ, ಮುಂಗಡ ಕೊಡೂಕಿಂತ ಮೊದಲ. ರದ್ದತಿ ಶುಲ್ಕ ಹೊರಡೂ ತಾರೀಖು ಹತ್ತಿರ ಬಂದಂಗ ಮೆಟ್ಟಲಾ ಮೆಟ್ಟಲಾ ಏರತದ, ವೀಸಾ ಉತ್ತರ ಬರೂದು ಹೆಚ್ಚು ಸಲ ಕೊನೇ ಮೆಟ್ಟಲದಾಗ. ಒಬ್ಬರಿಗೆ ಸಿಗದ ಇಡೀ ಮನಿಯವರು ನಿಂತ್ರ ಉಳಿದ ಐವರದು "ಸ್ವಂತ ರದ್ದತಿ" ಅಂತ ಲೆಕ್ಕ ಹಾಕ್ತಾರೇನು ಅನ್ನೂದ ಮುಖ್ಯ ಪ್ರಶ್ನೆ.

ಸ್ವಂತ ಪ್ಲ್ಯಾನ್‌ನ್ಯಾಗ ಇಲ್ಲಿ ಹಿಡಿತ ಹೆಚ್ಚು. ಹೋಟೆಲ್ ಎಲ್ಲಾ ಉಚಿತ ರದ್ದತಿಯವು ಹಿಡೀರಿ, ವಿಮಾನ ವಾಪಸಾತಿ ಇರೂದು ಇಲ್ಲಾ ತಾತ್ಕಾಲಿಕ ಕಾಯ್ದಿರಿಸಿದ್ದು. ಪಾಸ್‌ಪೋರ್ಟ್ ಕೈಗೆ ಬಂದ ಮ್ಯಾಲ ಪಕ್ಕಾ ಮಾಡ್ರಿ. ಮೇ ತಿಂಗಳ ವಿಮಾನ ದರ ಅಷ್ಟೊತ್ತಿಗೆ ಏರಿರತದ, ಅದು ಇದರ ಬೆಲೆ.

ಇದನ್ನೂ ಕೇಳ್ರಿ: ಹೋಟೆಲ್ ಹೆಸರು ಯಾವುದು? "ಪ್ಯಾರಿಸ್ ಹೋಟೆಲ್" ಅಂದದ್ದು ವಿಮಾನ ನಿಲ್ದಾಣದ ಹತ್ತಿರ ಇಲ್ಲಾ ಹೆದ್ದಾರಿ ಬಾಜೂಕ ಇದ್ರ ಸಂಜಿ ಊಟ ಆದ ಮ್ಯಾಲ ಹೊರಗ ತಿರುಗೂ ಮಾತು ಇಲ್ಲ. ಪಟ್ಟಿಯೊಳಗ "ನೋಡೂದು" ಅಂತ ಬರದದ್ದು ಒಳಗೋ ಹೊರಗೋ? ಐಫೆಲ್ ಗೋಪುರ ಎರಡನೇ ಅಂತಸ್ತೋ ತುದಿಯೋ? ಕನಿಷ್ಠ ಎಷ್ಟು ಮಂದಿ ಆಗದಿದ್ರ ಬ್ಯಾಚ್ ರದ್ದು ಮಾಡ್ತೀರಿ?

ಎಪಿಎಂಸಿ_ಗೇಟ್:
ಯುರೋಪ್ ಯಾಕ್ರಿ ಮೊದಲ ಸಲಾನ? ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾ ಸ್ವಂತ ಹೋಗ್ರಿ. ಅಲ್ಲಿ ಗ್ರೂಪ್ ಟೂರ್‌ಗೆ ರೊಕ್ಕ ಕೊಡೂದಕ್ಕ ಅರ್ಥಿಲ್ಲ. ಸಿಂಗಪುರ ಮೆಟ್ರೊದಾಗ ಟ್ಯಾಪ್ ಮಾಡೂ ಬ್ಯಾಂಕ್ ಕಾರ್ಡ್ ಇದ್ರ ಟಿಕೆಟ್ ಸಾಲಿನ್ಯಾಗ ನಿಲ್ಲೂದ ಬ್ಯಾಡ. ಕೌಲಾಲಂಪುರ, ಸಿಂಗಪುರದಾಗ ಇಡ್ಲಿ-ದ್ವಾಶಿ ಎಲ್ಲೆಲ್ಲೂ.

ಸಾಧನಕೇರಿ_ಸಂಜಿ:
ಒಪ್ಪಿದೆ. ಆದ್ರ ಅಲ್ಲೂ ಆರು ಮಂದಿ ಅನ್ನೂದು ಮರೀಬ್ಯಾಡ್ರಿ. ಸಾಮಾನ್ಯ ಟ್ಯಾಕ್ಸಿಗೆ ನಾಲ್ಕ ಮಂದಿ. ಆಪ್‌ನ್ಯಾಗ ಆರು ಸೀಟಿನ ಗಾಡಿ ಆರಿಸಬೇಕು, ಇಲ್ಲಾ ಎರಡು ಗಾಡಿ. ಥಾಯ್ಲೆಂಡಿಗೆ 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಬಂದದ, ಮಲೇಷ್ಯಾ, ಸಿಂಗಪುರಕ್ಕೂ ಅಂಥಾದ್ದ ಅದ, ಮೂರೂ ಅಲ್ಲಿ ಮುಟ್ಟೂಕಿಂತ ಮೊದಲಿನ ಮೂರು ದಿನದ ಒಳಗ ತುಂಬೂವು. ಸರಕಾರಿ ಜಾಲತಾಣದಾಗ ಪೂರ್ತಿ ಉಚಿತ. ರೊಕ್ಕ ಕೇಳಿದ್ರ ಅದು ನಕಲಿ ಜಾಲತಾಣ ಅಂತ ತಿಳೀರಿ. ಬ್ಯಾಂಕಾಕ್ ಅರಮನಿ ಮುಂದ "ಇವತ್ತ ಬಂದ್ ಅದ, ಬ್ಯಾರೆ ಗುಡಿ ತೋರಸ್ತೀನಿ" ಅನ್ನೂ ಟುಕ್‌ಟುಕ್‌ನವರ ಮಾತು ಕೇಳಬ್ಯಾಡ್ರಿ, ನೆಟ್ಟಗ ಗೇಟಿಗೆ ಹೋಗ್ರಿ.

ಲಕ್ಕುಂಡಿ_ಕಲ್ಲು:
ದುಬೈ ಪ್ಲ್ಯಾನ್ ಇದ್ದವರು ಇದನ್ನೂ ನೋಡ್ರಿ. ಪಾಸ್‌ಪೋರ್ಟಿನ್ಯಾಗ ಅಡ್ಡಹೆಸರು ಖಾಲಿ ಇದ್ದು ಬರೀ ಒಂದ ಹೆಸರು ಇದ್ರ ಪ್ರವಾಸಿ ವೀಸಾಕ್ಕ ತಕರಾರು ಬರತದ, 2022ರ ನವೆಂಬರ್‌ನಿಂದ ಈ ನಿಯಮ. ನಮ್ಮ ಕಡೆ ಹಿರೇ ಹೆಣಮಕ್ಕಳ ಪಾಸ್‌ಪೋರ್ಟ್ ಹಿಂಗ ಇರೂದು ಸಾಮಾನ್ಯ. ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಮರುವಿತರಣೆಗೆ ಹಾಕಿ ಹೆಸರು ಸರಿಮಾಡಿಸಿ ಆಮ್ಯಾಲ ಟಿಕೆಟ್ ತಗೋರಿ.

ಕೇಶ್ವಾಪುರ_ಕ್ರಾಸ್:
ಅಪ್ಪಗ ಯುರೋಪ್ ಆಸೆ, ಅದನ್ನ ಬಿಡಂಗಿಲ್ಲ. ಸ್ವಂತ ಹೋದ್ರ ಮೊಣಕಾಲಿಗೆ ತ್ರಾಸ ಆಗದಂಗ ಹೆಂಗ ಮಾಡೂದು?

ಸಾಧನಕೇರಿ_ಸಂಜಿ:
ಐದು ದೇಶ ಬಿಟ್ಟು ಎರಡು ಹಿಡೀರಿ. ಪ್ಯಾರಿಸ್ ಮೂರು ರಾತ್ರಿ, ಸ್ವಿಟ್ಜರ್ಲೆಂಡ್ ಆರು ರಾತ್ರಿ, ಆ ಆರೂ ರಾತ್ರಿ ಒಂದ ಊರಾಗ. ಲುಸರ್ನ್ ಚೊಲೊ, ಸ್ಟೇಶನ್ ಎದುರಿಗೇ ಸರೋವರದ ಬೋಟ್ ಧಕ್ಕೆ. ಪ್ಯಾರಿಸ್‌ನ ಗಾರ್ ದ ಲಿಯೋನ್ ನಿಲ್ದಾಣದಿಂದ ಬಾಸೆಲ್‌ಗೆ ನೇರ ಟಿಜಿವಿ (ವೇಗದ ರೈಲು), ಮೂರು ತಾಸಿನ ಸುಮಾರು, ಅಲ್ಲಿಂದ ಲುಸರ್ನ್ ಒಂದು ತಾಸು ಚಿಲ್ಲರೆ. ಹೋಗೂದು ಪ್ಯಾರಿಸ್‌ಗೆ, ಬರೂದು ಜ್ಯೂರಿಕ್‌ನಿಂದ ಅಂತ ವಿಮಾನ ತಗೊಂಡ್ರ ಹಿಂದ ತಿರುಗಿ ಬರೂ ದಿನ ಉಳೀತದ. ವೀಸಾ ಸ್ವಿಸ್‌ಗೆ ಹಾಕಬೇಕು, ಹೆಚ್ಚು ರಾತ್ರಿ ಅಲ್ಲೇ.

ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನದ್ದು ಸಿಗತದ. ರೈಲು, ಬಸ್ಸು, ಬೋಟ್ ಎಲ್ಲಾ ಅದರಾಗ. ಫ್ಯಾಮಿಲಿ ಕಾರ್ಡ್ ಉಚಿತ, 6ರಿಂದ 15ರ ಮಕ್ಕಳು ತಂದಿ ಇಲ್ಲಾ ತಾಯಿ ಜೋಡಿ ಪುಕ್ಕಟೆ. ಅಂದ್ರ ನಿಮಗ ನಾಲ್ಕ ಪಾಸ್ ಸಾಕು. ರಿಗಿ ಗುಡ್ಡ ಪಾಸಿನ್ಯಾಗ ಪೂರ್ತಿ ಒಳಗ, ಟಿಟ್ಲಿಸ್ ಅರ್ಧ ದರ, ಯುಂಗ್‌ಫ್ರಾವ್‌ನ ಕಡೀ ಭಾಗಕ್ಕ ಬರೀ 25% ರಿಯಾಯಿತಿ.

ಬೆಳಿಗ್ಗೆ ಅವ್ವಾರಿಗೆ ಕಾಲು ನೋವು ಅಂದ್ರ ಅವತ್ತ ಬೋಟ್ ಹತ್ತಿ ಕುಂದ್ರ್ರಿ. ಬಸ್ಸಿನ ಟೂರ್‌ನ್ಯಾಗ ಆ ಆಯ್ಕೆನ ಇಲ್ಲ. ವಿಮಾನಕ್ಕ ವೀಲ್‌ಚೇರ್ 48 ತಾಸು ಮೊದಲ ಹೇಳಿರ್ರಿ, ಅದಕ್ಕ ರೊಕ್ಕ ಇಲ್ಲ.

ಬ್ಯಾಡಗಿ_ಖಾರ:
ಯುಂಗ್‌ಫ್ರಾವ್‌ಯೋಕ್ 3,454 ಮೀಟರ್ ಎತ್ತರ ಐತಿ. ಬಿಪಿ, ಹೃದಯದ ತ್ರಾಸ ಇದ್ದವರು ಡಾಕ್ಟರ್‌ಗೆ ಕೇಳೇ ಹೋಗಬೇಕು. ರಿಗಿ 1,800 ಮೀಟರ್ ಅಷ್ಟ, ತುದೀತನಕ ರೈಲು. 68ರವರಿಗೆ ಅದ ಸೈ. ಮತ್ತ ಊಟ?

ಸಾಧನಕೇರಿ_ಸಂಜಿ:
ಹೋಟೆಲ್ ಬ್ಯಾಡ, ಅಡಗಿಮನಿ ಇರೂ ಅಪಾರ್ಟ್‌ಮೆಂಟ್. ಮೂರು ರೂಮ್ ಹಿಡಿಯೂದಕ್ಕಿಂತ ಬಹಳ ಸಲ ಅಗ್ಗ. ಆದ್ರ ಬುಕ್ ಮಾಡೂ ಮುಂದ ಲಿಫ್ಟ್ ಅದನೋ ನೋಡ್ರಿ, ಹಳೇ ಕಟ್ಟಡದಾಗ ಇರೂದಿಲ್ಲ. ಕಟಿ ರೊಟ್ಟಿ, ಶೇಂಗಾ ಹಿಂಡಿ, ಅವಲಕ್ಕಿ, ರವಾ ಒಯ್ಯಿರಿ, ತರಕಾರಿ-ಮೊಸರು ಅಲ್ಲೇ ತಗೋರಿ. ರವಿವಾರ ಸ್ವಿಸ್ ಅಂಗಡಿ ಬಂದ್, ದೊಡ್ಡ ಸ್ಟೇಶನ್ನಿನ ಒಳಗಿನವು ಮಾತ್ರ ತಗದಿರತಾವ.

ಉಣಕಲ್_ಕೆರಿ:
ರಜಾದಾಗೂ ಅವ್ವ ಅಡಗಿ ಮಾಡಬೇಕೇನ್ರಿ? ಇದಕ್ಕ ಗ್ರೂಪ್ ಟೂರ್ ಅನ್ನೂದು.

ಸಾಧನಕೇರಿ_ಸಂಜಿ:
ಮಗ ಮಾಡ್ಲಿ.

ಎಪಿಎಂಸಿ_ಗೇಟ್:
😄 ಧಾರವಾಡ ಪೇಢೆ ಒಯ್ಯಬಹುದಲ್ಲ?

ಹಾವೇರಿ_ಏಲಕ್ಕಿ:
ಯುರೋಪಿಯನ್ ಒಕ್ಕೂಟದೊಳಗ ಹೊರಗಿನ ಹಾಲಿನ ಪದಾರ್ಥ, ಮಾಂಸ ಸ್ವಂತ ಬ್ಯಾಗಿನ್ಯಾಗೂ ಒಯ್ಯೂದು ನಿಷೇಧ. ಪೇಢೆ ಅಂದ್ರ ಖೋವಾ. ತುಪ್ಪಾನೂ ಬ್ಯಾಡ.

ಎಪಿಎಂಸಿ_ಗೇಟ್:
ಸಿಹಿತಿಂಡಿ, ಬಿಸ್ಕೀಟು, ಚಾಕಲೇಟಿಗೆ ವಿನಾಯಿತಿ ಐತಿ ಅಲ್ಲೇನ್ರಿ?

ಹಾವೇರಿ_ಏಲಕ್ಕಿ:
ಐತಿ. ಆದ್ರ ಮುಕ್ಕಾಲು ಪಾಲು ಹಾಲ ಆದ ಪದಾರ್ಥ ಸಿಹಿತಿಂಡಿಯೋ ಹಾಲೋ ಅಂತ ಅಲ್ಲಿ ಅಧಿಕಾರಿ ಮುಂದ ವಾದ ಮಾಡ್ಕೋತ ನಿಲ್ಲೂದು ಯಾರಿಗೆ ಬೇಕ್ರಿ. ಗೋಕಾಕ ಕರದಂಟು ಒಯ್ಯಿರಿ, ಬೆಲ್ಲ-ಅಂಟಿನ್ದು. ಗಸಗಸಿ ಹಾಕಿದ್ದು ದುಬೈ, ಸಿಂಗಪುರಕ್ಕ ಮಾತ್ರ ಬ್ಯಾಡ, ಅಲ್ಲಿ ಗಸಗಸಿ ಮಾದಕ ವಸ್ತು ಲೆಕ್ಕ. ದುಬೈ ಮ್ಯಾಲ ವಿಮಾನ ಬದಲಿ ಇದ್ರೂ ಇಡಬ್ಯಾಡ್ರಿ.

ಗದಗ_ಬೆಟಗೇರಿ_ಲೆಕ್ಕ:
ಹಣದ ವಿಷಯ ಯಾರೂ ಬರೆದಿಲ್ಲ. ನಗದು ತಲೆಗೆ ಇನ್ನೂರು-ಮುನ್ನೂರು ಯುರೋ ಸಾಕು, ಉಳಿದದ್ದು ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ಮೊದಲೇ ತುಂಬಿದ ಕಾರ್ಡ್). ಸ್ವಿಟ್ಜರ್ಲೆಂಡ್‌ಗೆ ಫ್ರಾಂಕ್ ಪ್ರತ್ಯೇಕ. ಸಾಮಾನ್ಯ ಕ್ರೆಡಿಟ್ ಕಾರ್ಡ್ ಬಳಸಿದರೆ ಬ್ಯಾಂಕ್ 3.5%ವರೆಗೆ ಮಾರ್ಕಪ್ (ಹೆಚ್ಚುವರಿ ಶುಲ್ಕ) ಹಾಕುತ್ತದೆ, ಆ ಮಾರ್ಕಪ್ ಮೇಲೆ 18% ಜಿಎಸ್‌ಟಿ. ಯಂತ್ರದಲ್ಲಿ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯುರೋದಲ್ಲೋ" ಎಂದು ಕೇಳಿದರೆ ಯಾವಾಗಲೂ ಯುರೋ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯವರ ಬ್ಯಾಂಕ್ ತನ್ನದೇ ದರ ಹಾಕುತ್ತದೆ. ಗ್ರೂಪ್‌ನಲ್ಲಿ ಹೋದರೂ ಸ್ವಂತ ಹೋದರೂ ಇದು ಒಂದೇ.

ಲಕ್ಕುಂಡಿ_ಕಲ್ಲು:
ಮತ್ತ 2025ರ ಅಕ್ಟೋಬರ್ 12ರಿಂದ ಷೆಂಗನ್ ಗಡಿಯೊಳಗ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಶುರು ಆಗೇದ, ಮೊದಲ ಸಲಕ್ಕ ಅಲ್ಲೂ ಫೋಟೋ ತಗೋತಾರ, ವೀಸಾಕ್ಕ ಕೊಟ್ಟ ಬೆರಳಚ್ಚು ತಾಳೆ ನೋಡ್ತಾರ. ಸಾಲು ಉದ್ದ. ವಿಮಾನ ಇಳದ ಎರಡು ತಾಸಿಗೆ ರೈಲು ಬುಕ್ ಮಾಡಬ್ಯಾಡ್ರಿ.

ಕೇಶ್ವಾಪುರ_ಕ್ರಾಸ್:
ಅಪ್ಪಗ ಲುಸರ್ನ್ ಫೋಟೋ ತೋರಿಸಿದೆ, ಅರ್ಧ ಒಪ್ಪ್ಯಾರ. ಪ್ಯಾರಿಸ್‌ನ್ಯಾಗ ಮಾತ್ರ ಯಾರಾದ್ರೂ ಜೋಡಿ ಬೇಕಂತ.

ಕೊಪ್ಪಿಕರ್_ರೋಡ್:
ಅದಕ್ಕ ದಾರಿ ಅದ. ಪ್ಯಾರಿಸ್‌ನ್ಯಾಗ ಒಂದು ದಿನ ಗಾಡಿ ಸಮೇತ ಸ್ಥಳೀಯ ಗೈಡ್ ಹಿಡೀರಿ, ಎಂಟು ಸೀಟಿನ ವ್ಯಾನ್. ಆರು ಮಂದಿಗೆ ಹಂಚಿದ್ರ ಹೊರಿ ಆಗೂದಿಲ್ಲ. ಲೂವ್ರ್ ಮ್ಯೂಸಿಯಂ ಮಂಗಳವಾರ ಬಂದ್, ಆ ದಿನ ಬಿಟ್ಟು ಇಟ್ಟುಕೋರಿ. ಐಫೆಲ್ ಟಿಕೆಟ್ ಅಧಿಕೃತ ಜಾಲತಾಣದಾಗ ಮೊದಲ ತಗೋರಿ, ಅದನ್ನ ಗೈಡ್ ಮ್ಯಾಲ ಬಿಡಬ್ಯಾಡ್ರಿ.

ಎಪಿಎಂಸಿ_ಗೇಟ್:
ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನಾನೋ ವಂದೇ ಭಾರತೋ?

ಕೊಪ್ಪಿಕರ್_ರೋಡ್:
ಮುಂದಿನ ವಿಮಾನ ಒಂದ ಪಿಎನ್‌ಆರ್‌ನ್ಯಾಗ ಸಿಕ್ಕ್ರ ವಿಮಾನ. ಮೊದಲಿಂದು ತಡಾ ಆದ್ರ ಮುಂದಿಂದು ಕೊಡೂದು ಅವರ ಜವಾಬ್ದಾರಿ. ಬ್ಯಾರೆ ಬ್ಯಾರೆ ಟಿಕೆಟ್ ಆದ್ರ ತಪ್ಪಿದ ವಿಮಾನಕ್ಕ ಯಾರೂ ಹೊಣೆ ಅಲ್ಲ, ಲಗೇಜ್ ಇಳಿಸಿಕೊಂಡು ಮತ್ತ ಹಾಕಬೇಕು. ಬೆಂಗಳೂರಿನ್ಯಾಗ ಟರ್ಮಿನಲ್ 1ಕ್ಕ ಇಳದ್ರ ಶಟಲ್ ಹಿಡದು ಟರ್ಮಿನಲ್ 2ಕ್ಕ ಹೋಗಬೇಕು, ವಿದೇಶಿ ವಿಮಾನ ಎಲ್ಲಾ ಅಲ್ಲಿಂದ. ಬ್ಯಾರೆ ಟಿಕೆಟ್ ಇದ್ದು ಮುಂದಿನ ವಿಮಾನ ನಡುರಾತ್ರಿ ಆದ ಮ್ಯಾಲ ಅಂದ್ರ ವಂದೇ ಭಾರತ್ ಚೊಲೊ. ಸಂಜಿಗೆ ಮೆಜೆಸ್ಟಿಕ್ ಇಳದು ವಾಯುವಜ್ರ ಬಸ್ ಹತ್ರಿ, ಟ್ರಾಫಿಕ್ಕಿಗೆ ಅಂತ ಎರಡು ತಾಸು ಹಿಡೀರಿ.

ಹಾವೇರಿ_ಏಲಕ್ಕಿ:
ಒಣ ಕೊಬ್ಬರಿ ಚೆಕ್-ಇನ್ ಬ್ಯಾಗಿನ್ಯಾಗ ಇಡಬ್ಯಾಡ್ರಿ, ಎಣ್ಣಿ ಅಂಶದಿಂದ ಬೆಂಕಿ ಹತ್ತೂ ಪದಾರ್ಥ ಅಂತ ತಗದು ಇಡ್ತಾರ. ಪವರ್ ಬ್ಯಾಂಕ್ ಕೈಚೀಲದಾಗ. ಅಪ್ಪಾರ ಗುಳಗಿ ಪೂರ್ತಿ ಕೋರ್ಸಿಂದು ಕೈಚೀಲದಾಗ, ಡಾಕ್ಟರ್ ಚೀಟಿ ಸಮೇತ, ಚೀಟಿಯೊಳಗ ಔಷಧದ ಮೂಲ ಹೆಸರು ಇರ್ಲಿ. ಅಲ್ಲಿ ನಮ್ಮ ಬ್ರ್ಯಾಂಡ್ ಹೆಸರು ಹೇಳಿದ್ರ ಯಾರಿಗೂ ತಿಳಿಯಂಗಿಲ್ಲ.

ಎಪಿಎಂಸಿ_ಗೇಟ್:
ಕೊಬ್ಬರಿ ಹಾಕಿದ ಚಟ್ನಿ ಪುಡಿ?

ಹಾವೇರಿ_ಏಲಕ್ಕಿ:
ತಡಿಯೂದು ಇಡೀ ಬಟ್ಟಲಾ ಇಲ್ಲಾ ತುಂಡು ಇದ್ರ. ಚಟ್ನಿ ಪುಡಿ ಗಟ್ಟಿ ಪ್ಯಾಕ್ ಮಾಡಿ ಚೆಕ್-ಇನ್‌ಗೆ ಹಾಕ್ರಿ. ಸಂಶಯ ಇದ್ರ ಅಗಸಿ ಹಿಂಡಿ ಒಯ್ಯಿರಿ.